ಶೊಮಾರಿ ನಿಜ ಹೇಳಿದ ಬೆಳಗ್ಗೆ

ಮೇ ತಿಂಗಳು ಬಂತೆಂದರೆ ಸರೋವರದ ದಡದ ನಮ್ಮ ಮ್ವಾಂಜಾ ಊರಿನಲ್ಲಿ ಒಂದೇ ಪ್ರಶ್ನೆ: ಬುಕೋಬಾ ಹಡಗು ಮುಳುಗಿದ ದಿನ ನೀನೆಲ್ಲಿದ್ದೆ? ಎಲ್ಲರ ಹತ್ತಿರವೂ ಉತ್ತರ ತಯಾರಿದೆ. ಒಬ್ಬ ಬಂದರಿನಲ್ಲೇ ನಿಂತಿದ್ದನಂತೆ. ಒಬ್ಬಳು ಹೆರಿಗೆ ನೋವಿನಲ್ಲಿದ್ದಳಂತೆ. ಇನ್ನೊಬ್ಬನಿಗೆ ಅದೇ ಹಡಗಿನ ಟಿಕೆಟ್ ಕೈತಪ್ಪಿ ಜೀವ ಉಳಿಯಿತಂತೆ. ಹೀಗೆ ಟಿಕೆಟ್ ಕೈತಪ್ಪಿ ಉಳಿದವರನ್ನೆಲ್ಲ ಒಟ್ಟು ಸೇರಿಸಿದರೆ ಇನ್ನೂ ಮೂರು ಹಡಗು ತುಂಬಬಹುದು. ಹೇಳಿಕೊಳ್ಳಲಿ ಬಿಡಿ, ಹೇಳಿಕೊಂಡರೆ ಎದೆ ಹಗುರಾಗುತ್ತದೆ. ನಾನು ಮಾತ್ರ ಬಾಯಿ ಬಿಡುವುದಿಲ್ಲ. ನಾನಿದ್ದದ್ದು ಮಬಾಟಿನಿಯ ನಮ್ಮ ವಠಾರದ ಅಂಗಳದಲ್ಲಿ. ನಗುತ್ತಿದ್ದೆ. ಚಪ್ಪಾಳೆ ಕೂಡ ತಟ್ಟಿದ್ದೆ.

ಯಾಕೆ ನಕ್ಕೆ ಎನ್ನುವುದು ಅರ್ಥವಾಗಬೇಕಾದರೆ ಶೊಮಾರಿ ಯಾರೆಂದು ಗೊತ್ತಿರಬೇಕು.

ಶೊಮಾರಿ ಕಾಫಿ ಮಾರುವವನು. ಉದ್ದ ಮೂತಿಯ ಪಾತ್ರೆ, ಅದರ ಬುಡದಲ್ಲಿ ಕೆಂಡದ ತಟ್ಟೆ, ಇನ್ನೊಂದು ಕೈಯಲ್ಲಿ ಹಿಡಿಯಿಲ್ಲದ ಪುಟ್ಟ ಪಿಂಗಾಣಿ ಬಟ್ಟಲುಗಳು. ಎರಡು ಬಟ್ಟಲನ್ನು ಬೆರಳ ಸಂದಿಯಲ್ಲಿ ಟಣ್ ಟಣ್ ಎನ್ನಿಸುತ್ತ ಬೀದಿಗೆ ಬಂದನೆಂದರೆ ನಮಗೆ ಗಡಿಯಾರ ಬೇಡ. ಕರಾವಳಿಯ ಕಡೆಯ ಝರಾಮೊ ಬುಡಕಟ್ಟಿನವನು. ಹರೆಯದಲ್ಲಿ ಹತ್ತಿ ಗಿರಣಿಯ ಕೆಲಸಕ್ಕೆಂದು ರೈಲು ಹತ್ತಿ ಬಂದವನು, ಗಿರಣಿ ಮುಚ್ಚಿದ ಮೇಲೂ ವಾಪಸು ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ, "ನೀವು ಸುಕುಮಾಗಳು ಸ್ವಲ್ಪ ಮನುಷ್ಯರಾಗಿ, ಆಮೇಲೆ ಹೋಗ್ತೀನಿ. ಅಲ್ಲೀತನಕ ನಿಮ್ಮನ್ನ ನೋಡ್ಕೊಳೋಕೆ ಯಾರಾದ್ರೂ ಬೇಕಲ್ಲ" ಅನ್ನುತ್ತಿದ್ದ.

ಹೀಗೆ ಅನ್ನುವುದು ಅವನ ಹಕ್ಕು. ನಮ್ಮ ಸುಕುಮಾ ಜನಕ್ಕೂ ಝರಾಮೊಗಳಿಗೂ ತಾತ ಮುತ್ತಾತರ ಕಾಲದಿಂದ ಬಂದ ಒಂದು ನಂಟಿದೆ, ಉತಾನಿ ಎನ್ನುತ್ತೇವೆ. ಅವರು ನಮ್ಮನ್ನು ಏನು ಬೇಕಾದರೂ ಬಯ್ಯಬಹುದು, ನಾವೂ ಅವರನ್ನು ಬಯ್ಯಬಹುದು, ಸಿಟ್ಟಾಗುವ ಹಾಗಿಲ್ಲ. ನಮ್ಮ ಅಂಗಳಕ್ಕೆ ಬಂದು ಕೋಳಿ ಹಿಡಿದುಕೊಂಡು ಹೋದರೆ ಕಳ್ಳತನವಲ್ಲ. ಬಾಯಿಗೆ ಬಂದ ಸುಳ್ಳು ಹೇಳಿ ಹೆದರಿಸಿದರೆ ತಪ್ಪಲ್ಲ. ಸಾವಿನ ಮನೆಯಲ್ಲಂತೂ ಅವರಿಲ್ಲದೆ ಏನೂ ಸಾಗದು. ಸತ್ತವನ ಅಂಗಿ ತೊಟ್ಟು, ಅವನ ಹಾಗೇ ಕೆಮ್ಮಿ, ಅವನ ಹಾಗೇ ನಡೆದು, ಅಳುತ್ತ ಕೂತವರನ್ನು ನಗಿಸಬೇಕು. ಅದು ಆಟವಲ್ಲ, ಅವರ ಕೆಲಸ. ಇಡೀ ಬೀದಿಗೆ ಇದ್ದವನು ಇವನೊಬ್ಬನೇ ಝರಾಮೊ, ಹಾಗಾಗಿ ಎಲ್ಲರ ಮನೆಯ ಕೆಲಸವೂ ಇವನದೇ.

ನಮ್ಮ ವಠಾರದ ವಾಂಡೆಯ ಗಂಡ ಮಸಾಂಜ ತೀರಿಕೊಂಡಾಗ ಅವನು ಮಾಡಿದ್ದನ್ನು ಜನ ಇವತ್ತಿಗೂ ಹೇಳುತ್ತಾರೆ. ಮಸಾಂಜನ ಟೋಪಿ ಹಾಕಿಕೊಂಡು, ಅವನ ಕುಂಟುಗಾಲಿನ ನಡಿಗೆಯಲ್ಲೇ ಹೋಗಿ, ಹೂಳಲು ತೋಡಿದ ಗುಂಡಿಗೆ ತಾನೇ ಇಳಿದು ಮಲಗಿಬಿಟ್ಟ. "ಉದ್ದ ಸರಿಯಾಗಿದೆ. ಆದ್ರೆ ಈ ಸುಕುಮಾ ಎತ್ತಿನ ಹೊಟ್ಟೆಗೆ ಅಗಲ ಸಾಲದು, ಇನ್ನೊಂದು ಗೇಣು ಅಗೀರಿ" ಎಂದ. ಮೂರು ದಿನದಿಂದ ನೀರೂ ಕುಡಿಯದೆ ಕಲ್ಲಾಗಿ ಕೂತಿದ್ದ ವಾಂಡೆ ಮೊದಲು ನಕ್ಕಳು, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು, ಆಮೇಲೆ ಗಂಜಿ ಕುಡಿದಳು. "ಆ ನಗು ಬರ್ದೇ ಇದ್ದಿದ್ರೆ ನಾನೂ ಅವರ ಹಿಂದೇನೇ ಹೋಗಿರ್ತಿದ್ದೆ ಕಬುಲಾ" ಎಂದು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ಅಲ್ಲಿಂದ ಮುಂದೆ ಶೊಮಾರಿ ಆ ಮನೆಯ ಜನವೇ ಆದ. ವಾಂಡೆ ಮಾರುಕಟ್ಟೆಯಲ್ಲಿ ಒಣಮೀನು ಮಾರುತ್ತಿದ್ದಳು, ಅವಳಿಗೆ ಇದ್ದವಳು ಒಬ್ಬಳೇ ಮಗಳು, ಮಿಲೆಂಬೆ. ಸರೋವರದ ಆಚೆ ದಡದಲ್ಲಿ, ಹಡಗಿಗೆ ಹೆಸರು ಕೊಟ್ಟ ಬುಕೋಬಾ ಊರಿನಲ್ಲಿ ಮೇಷ್ಟ್ರ ತರಬೇತಿಗೆ ಸೇರಿದ್ದಳು. ಸೋಮವಾರ ಸಂಜೆ ಅಲ್ಲಿ ಹಡಗು ಹತ್ತಿದರೆ ಮಂಗಳವಾರ ಬೆಳಗ್ಗೆ ಇಲ್ಲಿ. ಬೆಳಗ್ಗೆ ಬಂದರಿನಲ್ಲಿ ಶೊಮಾರಿಯ ವ್ಯಾಪಾರ ಜೋರಾಗಿರುತ್ತಿದ್ದರಿಂದ, ರಜಕ್ಕೆ ಬರುವ ಹುಡುಗಿಯನ್ನು ಇಳಿಸಿಕೊಂಡು, ಅವಳ ಬಾಳೆಗೊನೆ ಹೊತ್ತುಕೊಂಡು ಮನೆಗೆ ಕರೆತರುವುದು ಅವನ ಪಾಲಿಗೇ ಬಂದಿತ್ತು. ಅವಳು ಅವನಿಗೆ ಒಂದು ಚೀಲ ಕಾಫಿ ಬೀಜ ತರುತ್ತಿದ್ದಳು. "ತಾತ, ಹುರಿಯೋವಾಗ ಸುಡಬೇಡ, ನಿನ್ನ ಮುಖ ಆಗೋಗುತ್ತೆ" ಎಂದು ಅವಳೂ ಉತಾನಿ ಕಲಿತಿದ್ದಳು.

ಈಗ ಡಿಸೆಂಬರಿನ ಕಥೆ. ಇದನ್ನು ಹೇಳದಿದ್ದರೆ ಮುಂದಿನದು ಹೇಳಿ ಪ್ರಯೋಜನವಿಲ್ಲ.

ಆ ಡಿಸೆಂಬರ್ ರಜಕ್ಕೆ ಮಿಲೆಂಬೆ ಬರುವ ದಿನ ಶೊಮಾರಿ ಒಬ್ಬನೇ ಅಂಗಳಕ್ಕೆ ಬಂದ. ಕಣ್ಣಲ್ಲಿ ನೀರು. ಪಾತ್ರೆಯನ್ನು ಕೆಳಗಿಟ್ಟು, ತಲೆಯ ಮೇಲೆ ಕೈಹೊತ್ತು ಕೂತ. "ವಾಂಡೆ, ಹಡಗು ಮುಗುಚ್ಕೊಂಡ್ತು. ನಮ್ಮ ಹುಡುಗಿ ಹೋದಳು" ಎಂದ. ವಾಂಡೆಯ ಕೈಯಿಂದ ಬಟ್ಟಲು ಬಿತ್ತು. ಕಿರುಚುವುದಕ್ಕೂ ಆಗದೆ ಅವಳು ಗೋಡೆ ಹಿಡಿದು ಜಾರುತ್ತಿದ್ದಾಗ ಬಚ್ಚಲ ಗೋಡೆಯ ಹಿಂದಿನಿಂದ ಮಿಲೆಂಬೆ, "ಅವ್ವಾ, ಇಲ್ಲೇ ಇದೀನಿ" ಎಂದು ನಗುತ್ತ ಬಂದಳು. ವಾಂಡೆ ಇಬ್ಬರನ್ನೂ ಪೊರಕೆ ಹಿಡಿದು ವಠಾರವೆಲ್ಲ ಅಟ್ಟಾಡಿಸಿದಳು. ಕೊನೆಗೆ ಶೊಮಾರಿ ಹುಡುಗಿಯನ್ನು ಒಪ್ಪಿಸಿದ್ದಕ್ಕೆ ಒಂದು ಹುಂಜ ಕಿತ್ತುಕೊಂಡೇ ಹೋದ. ವಾರಗಟ್ಟಲೆ ಅದನ್ನೇ ಹೇಳಿ ನಕ್ಕೆವು. ವಾಂಡೆಯೂ ನಕ್ಕಳು. ಆದರೆ ಒಂದು ಮಾತು ಹೇಳಿದ್ದಳು: "ಇನ್ನೊಂದ್ಸಲ ಈ ಕರಾವಳಿ ತೆಂಗಿನಕಾಯಿ ಹತ್ರ ಮೋಸ ಹೋದ್ರೆ ನಾನು ನಮ್ಮಪ್ಪನ ಮಗಳಲ್ಲ."

ಆರನೇ ತಿಂಗಳಿಗೆ, ಸಾವಿರದ ಒಂಬೈನೂರ ತೊಂಬತ್ತಾರರ ಮೇ ಇಪ್ಪತ್ತೊಂದು, ಮಂಗಳವಾರ.

ಮಿಲೆಂಬೆ ಬರುತ್ತಾಳೆಂದು ವಾಂಡೆ ಅಂಗಡಿಗೆ ಹೋಗಿರಲಿಲ್ಲ. ಮಗಳಿಗೆ ಇಷ್ಟವೆಂದು ದೊಡ್ಡ ಸಾಟೊ ಮೀನು ತಂದು ಟೊಮೆಟೊ ಹಾಕಿ ಬೇಯಿಸುತ್ತಿದ್ದಳು. ನಾನು ಬಾಣಲೆ ಇಟ್ಟುಕೊಂಡು ಮಾರಾಟಕ್ಕೆ ಸಿಹಿ ಹಿಟ್ಟಿನ ಮಂದಾಜಿ ಕರಿಯುತ್ತಿದ್ದೆ. ನನ್ನ ರೇಡಿಯೋದ ಬ್ಯಾಟರಿ ಇಳಿದು ಹೋಗಿತ್ತು, ಸ್ವಲ್ಪ ಜೀವ ಬರಲಿ ಎಂದು ಅದನ್ನು ಬಿಸಿಲಿಗೆ ಇಟ್ಟಿದ್ದೆ. ವಠಾರದ ಗಂಡಸರು ಕೆಲಸಕ್ಕೆ ಹೋಗಿದ್ದರು. ಒಂಬತ್ತು ಗಂಟೆ ದಾಟಿರಬಹುದು.

ಶೊಮಾರಿ ಓಡಿಬಂದ. ಬಟ್ಟಲ ಸದ್ದಿಲ್ಲ. ಕೈಯಲ್ಲಿ ಪಾತ್ರೆಯಿಲ್ಲ. ಒಂದು ಕಾಲಿಗೆ ಮಾತ್ರ ಚಪ್ಪಲಿ.

ವಾಂಡೆ ತಲೆಯೆತ್ತಿ ನೋಡಿ ನನ್ನ ಕಡೆ ಕಣ್ಣು ಮಿಟುಕಿಸಿದಳು. "ಪಾತ್ರೆ ಎಲ್ಲೋ? ಹಸಿವು ಅಂತ ಅದನ್ನೂ ನುಂಗಿಬಿಟ್ಯಾ?"

"ವಾಂಡೆ, ಹಡಗು ಮುಗುಚ್ಕೊಂಡ್ತು."

"ಅಯ್ಯೋ ಪಾಪ. ಮತ್ತೆ ಮುಗುಚ್ತಾ? ಅದೇನು ಹಡಗೋ, ಹೆಂಚಿನ ಮೇಲಿನ ಚಪಾತಿಯೋ?"

"ವಾಂಡೆ, ಕೇಳು. ಮೀನುಗಾರರು ಬಂದು ಹೇಳಿದ್ರು. ತಳ ಮೇಲಾಗಿ ತೇಲ್ತಾ ಇದೆ. ಒಳಗೆ ಜನ ಇದಾರೆ. ಬಾ, ಹೋಗೋಣ, ಏಳು."

ಅದೇ ಮಾತುಗಳು. ಡಿಸೆಂಬರಿನಲ್ಲಿ ಆಡಿದ್ದವೇ. ಬೇರೆ ಏನು ಹೇಳಬೇಕಿತ್ತು ಅವನು? ಹಡಗು ಮುಗುಚಿತು ಎನ್ನುವುದಕ್ಕೆ ಹಡಗು ಮುಗುಚಿತು ಎಂದೇ ಹೇಳಬೇಕು. ಇದ್ದ ಮಾತನ್ನೆಲ್ಲ ಮೊದಲೇ ಖರ್ಚು ಮಾಡಿಕೊಂಡಿದ್ದ.

ಅವನು ಅಂಗಳದ ನಡುವೆ ಕುಸಿದು ಕೂತು ಅಳತೊಡಗಿದ. ಅಷ್ಟು ವಯಸ್ಸಾದ ಗಂಡಸು ಬಾಯಿ ತೆರೆದು ಅಳುವುದನ್ನು ನಾನು ನೋಡಿರಲಿಲ್ಲ. ಮೂಗಿನಲ್ಲಿ, ಬಾಯಲ್ಲಿ ನೀರು. ನಾನು ಜರಡಿ ಸೌಟು ಬದಿಗಿಟ್ಟು ಚಪ್ಪಾಳೆ ತಟ್ಟಿದೆ. "ತಾತ, ಹೋದ ಸಲಕ್ಕಿಂತ ಚೆನ್ನಾಗಿ ಬಂತು. ಸಿಂಬಳ ಬೇರೆ ಸೇರಿಸ್ಕೊಂಡಿದೀಯ" ಎಂದೆ. ಈ ಮಾತನ್ನು ನಾನು ಆಡಿದೆ. ಆಡಿದ್ದು ಆಡಿದ್ದೇ.

ವಾಂಡೆ ಬಚ್ಚಲ ಗೋಡೆಯ ಕಡೆ ತಿರುಗಿ ಕೂಗಿದಳು: "ಮಿಲೆಂಬೆ, ಸಾಕು ಬಾರೆ. ಹಳೇ ಆಟ. ಈ ಮುದುಕನಿಗೆ ಹೊಸದು ಕಟ್ಟೋಕೆ ಬುದ್ಧಿ ಇಲ್ಲ, ನಿನಗಾದ್ರೂ ಬೇಡ್ವಾ? ಮೀನು ಆರ್ತಾ ಇದೆ."

ಗೋಡೆಯ ಹಿಂದೆ ಸದ್ದಿಲ್ಲ.

"ನೋಡು ಕಬುಲಾ, ನಗು ತಡ್ಕೊಳೋದು ಕಲಿತಿದಾಳೆ" ಎಂದಳು ನನಗೆ. ಆ ಹೆಂಗಸಿನ ಮುಖದಲ್ಲಿ ಅವತ್ತು ಎಷ್ಟು ಸಂತೋಷವಿತ್ತು. ಮಗಳು ನಾಲ್ಕು ಹೆಜ್ಜೆ ಆಚೆ ಬಾಯಿಗೆ ಸೆರಗು ತುರುಕಿಕೊಂಡು ನಿಂತಿದ್ದಾಳೆ ಎಂದೇ ಅವಳ ಲೆಕ್ಕ.

"ದೇವರಾಣೆ ವಾಂಡೆ. ಕುರಾನ್ ಆಣೆ" ಎಂದ ಶೊಮಾರಿ.

"ಝರಾಮೊ ಆಣೆ ಹಾಕಿದ್ರೆ ದೇವರಿಗೇ ನಗು ಬರುತ್ತೆ ಕಣೋ. ಎದ್ದು ಮುಖ ತೊಳ್ಕೋ."

ಅವನು ಎದ್ದ. ಅವಳ ಮುಂಗೈ ಹಿಡಿದು ಎಳೆದ. ವಾಂಡೆ ಗಟ್ಟಿಮುಟ್ಟಾದ ಹೆಂಗಸು, ಮೀನಿನ ಮೂಟೆ ಹೊತ್ತ ಮೈ. ಎಳೆದಷ್ಟೂ ನೆಲಕ್ಕೆ ಭಾರ ಬಿಟ್ಟು ಕೂತು ನಕ್ಕಳು. "ಎಳಿ ಎಳಿ. ಸುಕುಮಾ ಹಸು ಕೂತ್ರೆ ಎಳೆದ್ರೂ ಏಳಲ್ಲ" ಎಂದಳು. ಅವನು ಕೈಬಿಟ್ಟು ನನ್ನ ಹತ್ತಿರ ಬಂದ. "ಕಬುಲಾ, ನೀನಾದ್ರೂ ನಂಬೇ ತಾಯಿ. ನಿನ್ನ ಕಾಲು ಹಿಡೀತೀನಿ." ನಿಜವಾಗಿಯೂ ಹಿಡಿದ. ನಾನು ಕಾಲು ಹಿಂದಕ್ಕೆ ಎಳೆದುಕೊಂಡು, "ಬಿಡು ತಾತ, ಎಣ್ಣೆ ಕಾದಿದೆ, ಸುಟ್ಕೊಳ್ತೀಯ" ಎಂದೆ.

ಬೀದಿಗೆ ಓಡಿದ. ನಮ್ಮ ಬೀದಿಯ ಹತ್ತು ಮನೆಗಳಿಗೆ ಹಿರಿಯನಾದ ಮುಖಂಡನನ್ನು ಕರೆತರುತ್ತೇನೆ, ಅವನು ಸುಕುಮಾ, ಅವನು ಹೇಳಿದರೆ ನಂಬುತ್ತೀರಿ ಎಂದ. ಸ್ವಲ್ಪ ಹೊತ್ತಿಗೆ ಒಬ್ಬನೇ ವಾಪಸು ಬಂದ. ಮುಖಂಡ ಆಗಲೇ ಬಂದರಿಗೆ ಹೋಗಿಬಿಟ್ಟಿದ್ದನಂತೆ. "ಬರ್ತಾನೆ ಬರ್ತಾನೆ, ನೀನು ಹೇಳಿಕೊಟ್ಟಿದ್ದು ಬಾಯಿಪಾಠ ಮಾಡ್ಕೊಂಡು ಬರ್ತಾನೆ" ಎಂದಳು ವಾಂಡೆ. ಹೊತ್ತು ಹೋಗುತ್ತಿತ್ತು. ಅವನಿಗೆ ಅದು ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಕೊನೆಗೆ ವಾಂಡೆಗೇ ಆಟ ಸಾಕೆನಿಸಿತು. ಮಗಳನ್ನು ನೋಡುವ ಆಸೆ ತಡೆಯಲಿಲ್ಲ. ಬುಟ್ಟಿಯ ಅಡಿಯಿಂದ ಹೇಂಟೆಯೊಂದನ್ನು ತೆಗೆದು, ಕಾಲು ಕಟ್ಟಿ, ಅವನ ತೊಡೆಯ ಮೇಲೆ ಇಟ್ಟಳು. "ತಗೋ. ಗೆದ್ದೆ. ಈಗ ನನ್ನ ಮಗಳನ್ನ ಕೊಡು."

ಅವನು ಕೋಳಿಯನ್ನು ಮುಟ್ಟಲಿಲ್ಲ. ನೋಡಲೂ ಇಲ್ಲ. ಅದು ತೊಡೆಯಿಂದ ಜಾರಿ ಬಿದ್ದು, ಕಟ್ಟಿದ ಕಾಲಲ್ಲೇ ಕುಪ್ಪಳಿಸುತ್ತ ಒಲೆಯ ಕಡೆ ಹೋಯಿತು. ಇಷ್ಟು ವರ್ಷದಲ್ಲಿ ಸುಕುಮಾ ಮನೆಯ ಕೋಳಿಯನ್ನು ಬೇಡವೆಂದ ಝರಾಮೊನನ್ನು ನಾನು ಕಂಡಿರಲಿಲ್ಲ. ಬಾಣಲೆಯನ್ನು ಇಳಿಸಿ, ಏನೂ ಮಾತಾಡದೆ ಬಚ್ಚಲ ಗೋಡೆಯ ಹಿಂದಕ್ಕೆ ಹೋದೆ. ಅಲ್ಲಿ ಒಂದು ತೂತು ಬಕೆಟು, ಒಣಗಲು ಹಾಕಿದ ನನ್ನದೇ ಲಂಗ. ಮತ್ತೇನೂ ಇಲ್ಲ.

ವಾಪಸು ಬಂದಾಗ ವಾಂಡೆ ತಟ್ಟೆಗೆ ಮೀನು ಬಡಿಸುತ್ತಿದ್ದಳು. ತಲೆಯ ಭಾಗ ಮಗಳಿಗೆ, ಯಾವಾಗಲೂ. "ಕಿವಿ ಹಿಡಿದು ಎಳ್ಕೊಂಡು ಬಂದ್ಯಾ?" ಎಂದು ಕೇಳಿದಳು. ಅಷ್ಟರಲ್ಲಿ ಮುಖಂಡನ ಹೆಂಡತಿ ಎದೆ ಬಡಿದುಕೊಳ್ಳುತ್ತ ಬೀದಿಯಲ್ಲಿ ಕೂಗಿಕೊಂಡು ಹೋದಳು, ಬುಕೋಬಾ ಹೋಯ್ತು, ಬುಕೋಬಾ ಹೋಯ್ತು ಎಂದು. ಅವಳ ತಮ್ಮನೂ ಅದರಲ್ಲಿದ್ದ.

ವಾಂಡೆ ತಟ್ಟೆಯನ್ನು ಕೆಳಗಿಟ್ಟಳು. ನೊಣ ಕೂರದ ಹಾಗೆ ಅದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು. ಆಮೇಲೆ ಓಡಿದಳು. ಆಗ ಹನ್ನೊಂದು ಗಂಟೆ.

ಬಂದರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೊಲೀಸರು ಹಗ್ಗ ಕಟ್ಟಿದ್ದರು. ಬದುಕಿದವರನ್ನು ಒಬ್ಬೊಬ್ಬರಾಗಿ ಕಂಬಳಿ ಸುತ್ತಿ ತರುತ್ತಿದ್ದರು. ಅವರ ಕಣ್ಣುಗಳು ಯಾರನ್ನೂ ನೋಡುತ್ತಿರಲಿಲ್ಲ. ವಾಂಡೆ ಪ್ರತಿಯೊಬ್ಬರ ಮುಖಕ್ಕೂ ಬಾಗಿ, "ಹಳದಿ ಸ್ವೆಟರು. ಮುಂದಿನ ಎರಡು ಹಲ್ಲಿನ ನಡುವೆ ಸಂದು. ನೋಡಿದ್ರಾ?" ಎಂದು ಕೇಳಿದಳು. ಒಬ್ಬಳು ತಲೆಯಾಡಿಸಿದಳು, ಆದರೆ ಅವಳು ಯಾರು ಏನು ಕೇಳಿದರೂ ಹಾಗೇ ತಲೆಯಾಡಿಸುತ್ತಿದ್ದಳು.

ಇಗೊಂಬೆ ಕಡೆಯ ಒಬ್ಬ ದೋಣಿಯವನು ಕಟ್ಟೆಯ ಮೇಲೆ ಕೂತು ನಡುಗುತ್ತಿದ್ದ. ವಾಂಡೆ ಅವನ ಮುಂದೆ ಮೊಣಕಾಲೂರಿದಳು. "ನನ್ನನ್ನ ಕರ್ಕೊಂಡು ಹೋಗಪ್ಪ. ನನ್ನ ಹತ್ರ ಇರೋದೆಲ್ಲ ಕೊಡ್ತೀನಿ."

"ಈಗ ಬಿಡಲ್ಲ ಅಕ್ಕ. ನೌಕಾಪಡೆಯವರು ಬಿಟ್ಟು ಇನ್ಯಾರೂ ಹತ್ರ ಹೋಗೋ ಹಾಗಿಲ್ಲ" ಎಂದ ಅವನು. "ಬೆಳಗ್ಗೆ ಆಗಿದ್ರೆ ಬಿಡ್ತಿದ್ರು. ಹತ್ತು ಗಂಟೆ ತನಕ ನಾನೇ ಮೂರ್ನಾಲ್ಕು ಜನನ್ನ ಕರ್ಕೊಂಡು ಹೋದೆ. ಒಬ್ಬ ಹುಟ್ಟುಗೋಲಲ್ಲಿ ಹಡಗಿನ ತಳ ಬಡೀತಾ ತಮ್ಮನ ಹೆಸರು ಕೂಗಿದ. ಒಳಗಿಂದಲೂ ಬಡಿದ್ರು ಅಕ್ಕ. ಅವನ ತಮ್ಮನೋ ಬೇರೆ ಯಾರೋ."

ಅವನು ಹೇಳಿದ್ದು ನಿಜವೋ, ಆ ನಡುಕದಲ್ಲಿ ಬಂದ ಭ್ರಮೆಯೋ ನನಗೆ ಗೊತ್ತಿಲ್ಲ. ಅವತ್ತು ಬಂದರಿನಲ್ಲಿ ಸಾವಿರ ಮಾತು ಹುಟ್ಟಿ ಸಾವಿರವೂ ಸತ್ತವು. ನಾವು ಒಂಬತ್ತೂಕಾಲಿಗೇ ಹೊರಟಿದ್ದರೂ ಮಿಲೆಂಬೆ ಉಳಿಯುತ್ತಿರಲಿಲ್ಲ, ಅಷ್ಟು ನನಗೆ ಗೊತ್ತು. ತಾಯಿಯೊಬ್ಬಳು ಕಬ್ಬಿಣದ ಮೇಲೆ ಕೈ ಬಡಿದು ಕೂಗಿದರೆ ಹಡಗು ನೆಟ್ಟಗಾಗುವುದಿಲ್ಲ. ಆದರೆ ಕೂಗಬಹುದಿತ್ತು. ಒಳಗಿದ್ದವಳಿಗೆ ಆ ಕೂಗು ಕೇಳಿಸುತ್ತಿತ್ತೋ ಏನೋ. ಆ ಒಂದೂಮುಕ್ಕಾಲು ಗಂಟೆಯನ್ನು ನಾವು ನಗುತ್ತ ಕಳೆದಿದ್ದೆವು.

ವಾಂಡೆ ಎದ್ದು ಸುತ್ತ ನೋಡಿದಳು. ಶೊಮಾರಿ ನಮ್ಮ ಹಿಂದೆಯೇ ಬಂದು ನಿಂತಿದ್ದ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಾಗಲು ಶಕ್ತಿಯೇ ಇರಲಿಲ್ಲ. "ಬೇರೆ ಯಾರ ಬಾಯಿಂದ ಬಂದಿದ್ರೂ ನಂಬ್ತಿದ್ದೆ" ಎಂದಳು. ಅಷ್ಟೇ. ಅವನು ತಲೆ ತಗ್ಗಿಸಿದ.

ಮಧ್ಯಾಹ್ನ ದಾಟಿದ ಮೇಲೆ ಹಡಗು ಪೂರ್ತಿ ಮುಳುಗಿತೆಂದು ಸುದ್ದಿ ಬಂತು. ಅಷ್ಟು ಸಾವಿರ ಜನ ಒಮ್ಮೆಗೇ ಕೂತುಬಿಟ್ಟರು.

ಆಮೇಲಿನ ದಿನಗಳನ್ನು ನಾನು ಉದ್ದ ಮಾಡುವುದಿಲ್ಲ. ನ್ಯಾಮಗಾನ ಮೈದಾನದ ಹುಲ್ಲಿನ ಮೇಲೆ ಹೆಣಗಳನ್ನು ಸಾಲಾಗಿ ಮಲಗಿಸಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು ನಾವು ಮೂವರೂ ದಿನವೂ ಸಾಲು ಸಾಲು ತಿರುಗಿದೆವು. ಮೊದಲ ದಿನ ಮುಖ ನೋಡುತ್ತಿದ್ದೆವು, ಆಮೇಲಾಮೇಲೆ ಬಟ್ಟೆ ಮಾತ್ರ ನೋಡಿದೆವು. ಶೊಮಾರಿ ಬಾಗಿ ಬಾಗಿ ಹಲ್ಲು ನೋಡುತ್ತಿದ್ದ, ವಾಂಡೆಗೆ ಆಗುತ್ತಿರಲಿಲ್ಲ. ಮಿಲೆಂಬೆ ಸಿಗಲಿಲ್ಲ. ಸಿಕ್ಕಿದ್ದರೂ ಗುರುತು ಹತ್ತಲಿಲ್ಲವೋ ಏನೋ. ಇಗೋಮದಲ್ಲಿ ಹೆಸರಿಲ್ಲದವರನ್ನು ಒಟ್ಟಿಗೆ ಹೂತಾಗ ವಾಂಡೆ ಎಲ್ಲ ಗುಂಡಿಗೂ ಒಂದೊಂದು ಹಿಡಿ ಮಣ್ಣು ಹಾಕಿದಳು. ಯಾವುದರಲ್ಲಿ ಇದ್ದಾಳೋ, ಯಾವುದರಲ್ಲೂ ಇಲ್ಲವೋ.

ಅಂಗಳದಲ್ಲಿ ಸಾವಿನ ಚಾಪೆ ಹಾಸಿದೆವು. ಹೆಣವಿಲ್ಲದ ಸಾವು. ಊರಿಂದ ಬಂದ ಹಿರಿಯರು ಶೊಮಾರಿಗಾಗಿ ಕಾದರು. ಅವನು ಬಂದ, ಬಾಗಿಲ ಹತ್ತಿರ ಕೂತ, ಮಾತಾಡಲಿಲ್ಲ. ಎರಡನೇ ದಿನ ವಾಂಡೆಯ ದೊಡ್ಡಪ್ಪ ರೇಗಿದ: "ಏನಯ್ಯಾ ಝರಾಮೊ, ಇದೇನು ನಿನ್ನ ಮಾವನ ಮನೆಯೇ, ಸುಮ್ನೆ ಕೂತು ಉಣ್ಣೋಕೆ? ಎದ್ದು ನಿನ್ನ ಕೆಲಸ ಮಾಡು. ಹುಡುಗಿ ಹೇಗೆ ನಡೀತಿದ್ಲು ತೋರಿಸು. ತಾಯಿ ಕಲ್ಲಾಗಿ ಕೂತಿದಾಳೆ, ಕಾಣಲ್ವಾ?"

ಶೊಮಾರಿ ಎದ್ದ. ಹೆಗಲಿಗೆ ಚೀಲ ಏರಿಸಿಕೊಂಡ ಹಾಗೆ ಒಂದು ಭುಜ ಎತ್ತಿದ. ಮಿಲೆಂಬೆ ಹಾಗೇ ನಡೆಯುತ್ತಿದ್ದಳು, ಒಂದು ಭುಜ ಮೇಲೆ, ಪುಟ್ಟ ಪುಟ್ಟ ಹೆಜ್ಜೆ. ಎರಡು ಹೆಜ್ಜೆ ಇಟ್ಟ. ಮೂರನೆಯದಕ್ಕೆ ಕಾಲು ಬರಲಿಲ್ಲ. "ನನ್ನ ಕೈಲಾಗಲ್ಲ ಹಿರಿಯರೇ. ಬೇರೆ ಝರಾಮೊನ ಹುಡುಕಿ" ಎಂದು ಹೊರಟುಹೋದ. ಯಾರೂ ನಗದೆಯೇ ಚಾಪೆ ಎತ್ತಿದೆವು.

ಅಲ್ಲಿಂದ ಮುಂದೆ ಅವನು ತಮಾಷೆ ಬಿಟ್ಟ. ಕಾಫಿ ಬಿಡಲಿಲ್ಲ, ಬಟ್ಟಲ ಟಣ್ ಟಣ್ ಬಿಡಲಿಲ್ಲ, ಬಾಯಿ ಬಿಡುವುದನ್ನು ಬಿಟ್ಟ. ಯಾರಾದರೂ "ಲೋ ತೆಂಗಿನಕಾಯಿ" ಎಂದರೆ "ಬಂದೆ ಅಪ್ಪಾ" ಅನ್ನುತ್ತಿದ್ದ. ಬೀದಿಯ ಹೆಂಗಸರು ಅವನ ತಾಯಿ, ಅಜ್ಜಿ, ಅವರ ಹಳ್ಳಿಯ ಡೋಲು, ಯಾವುದನ್ನು ಎತ್ತಿ ಆಡಿಕೊಂಡರೂ ತಲೆ ಬಗ್ಗಿಸಿ ಬಟ್ಟಲು ತೊಳೆಯುತ್ತಿದ್ದ. ನಿಜ ಹೇಳುವ ಹುಚ್ಚು ಎಲ್ಲಿಯತನಕ ಹೋಯಿತೆಂದರೆ, ಮಳೆ ಬರುತ್ತಾ ತಾತ ಎಂದು ಕೇಳಿದರೆ "ಮೋಡ ಇದೆ" ಎನ್ನುತ್ತಿದ್ದನೇ ಹೊರತು ಬರುತ್ತದೆ ಎನ್ನುತ್ತಿರಲಿಲ್ಲ. ನನಗಂತೂ ಅವನ ಮೇಲೆ ಸಿಟ್ಟು ಬರುತ್ತಿತ್ತು. ತಪ್ಪು ಅವನೊಬ್ಬನದೇ ಆಗಿತ್ತೇ? ಕೇಳದ ಕಿವಿಗಳು ನಮ್ಮವು. ಅವನು ಹಾಗೆ ತಲೆ ಬಗ್ಗಿಸಿ ಕೂತಾಗೆಲ್ಲ ನಮಗೇ ಶಿಕ್ಷೆ ಕೊಡುತ್ತಿದ್ದಾನೆ ಎನಿಸುತ್ತಿತ್ತು.

ವಾಂಡೆ ಮಾತ್ರ ಅವನನ್ನು ಬಿಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಂದು ಬೆಳಗ್ಗೆ ತಾನೇ ಶುರು ಮಾಡಿದಳು. "ಲೋ, ಇದು ಕಾಫಿನೋ, ನಿನ್ನ ಕಾಲು ತೊಳೆದ ನೀರೋ?" ಎಂದಳು. ಶೊಮಾರಿ ಬಟ್ಟಲನ್ನು ವಾಪಸು ತೆಗೆದುಕೊಂಡು, ಚೆಲ್ಲಿ, ಹೊಸದಾಗಿ ಬಗ್ಗಿಸಿ ಕೊಟ್ಟ. "ಇದು ಸರಿ ಇದೆಯಾ ನೋಡಮ್ಮ" ಎಂದ. ಅಮ್ಮ ಎಂದ ಅವಳನ್ನು. ವಾಂಡೆ ಒಳಗೆ ಬಂದು ನನ್ನ ಹಾಸಿಗೆಯ ಮೇಲೆ ಬಿದ್ದು ಅತ್ತಳು. "ಅವತ್ತು ಬಂದರಲ್ಲಿ ನಾನು ಹಾಗಂದೆನಲ್ಲ, ನನ್ನ ನಾಲಿಗೆ ಸೇದಿ ಹೋಗ್ಬಾರದಿತ್ತಾ. ಅವನು ಒಂದು ಸಲ ಬಯ್ದ್ರೆ ನನಗೆ ಉಸಿರು ಬರುತ್ತೆ ಕಬುಲಾ. ಬಯ್ಯಲ್ಲ ಅಂತಾನಲ್ಲ."

"ಹೋಗಿ ಹೇಳು ಅಕ್ಕ. ತಪ್ಪಾಯ್ತು ಅನ್ನು."

"ಹೇಗೆ ಹೇಳ್ಲಿ? ನಾವು ಪರಿಚಯ ಆದಾಗಿಂದ ಒಬ್ಬರಿಗೊಬ್ಬರು ತಮಾಷೆ ಬಿಟ್ಟು ಬೇರೆ ಏನೂ ಹೇಳಿಲ್ಲ. ನಾನು ತಪ್ಪಾಯ್ತು ಅಂದ್ರೆ ಅವನು ನಂಬ್ತಾನಾ?"

ದಿನವೂ ಬೆಳಗ್ಗೆ ಅವನು ಬರುತ್ತಿದ್ದ, ಅವಳು ಕೆಣಕುತ್ತಿದ್ದಳು, ಅವನು ವಿನಯದಿಂದ ಉತ್ತರ ಕೊಡುತ್ತಿದ್ದ. ನಾನು ಪಕ್ಕದಲ್ಲಿ ಮಂದಾಜಿ ಕರಿಯುತ್ತ ಇದನ್ನು ಎಂಟು ವರ್ಷ ನೋಡಿದೆ. ಏನು ಮಾಡಲೂ ಆಗದೆ ನೋಡಿದೆ.

ಎರಡು ಸಾವಿರದ ಐದರ ಮಳೆಗಾಲ ಮುಗಿಯುವಾಗ ಶೊಮಾರಿ ಹಾಸಿಗೆ ಹಿಡಿದ. ಎದೆಯಲ್ಲಿ ನೀರು ತುಂಬಿದೆ, ವಯಸ್ಸಾಗಿದೆ, ಮನೆಗೇ 
ಕರೆದುಕೊಂಡು ಹೋಗಿ ಎಂದರು ಡಾಕ್ಟರು. ದಾರ್ ಎಸ್ ಸಲಾಮಿನಲ್ಲಿದ್ದ ಮಗನಿಗೆ ಫೋನ್ ಮಾಡಿಸಿದೆವು, ಅವನು ಬಸ್ಸು ಹತ್ತಿದ. ಅಷ್ಟರಲ್ಲಿ ಬೀದಿಯ ಸುಕುಮಾಗಳೆಲ್ಲ ಅವನ ಕೋಣೆಯಲ್ಲಿ ಸೇರಿದ್ದೆವು. ಸಾಯುವ ಝರಾಮೊನ ಹತ್ತಿರ ಕೂತು ಅವನನ್ನು ಆಡಿಕೊಳ್ಳುವುದು ಈಗ ನಮ್ಮ ಪಾಲಿನ ಕೆಲಸ. ಮುಖಂಡನ ಹೆಂಡತಿ ಶುರು ಮಾಡಿದಳು: "ಸಾಯೋ ನೆಪ ಹೇಳ್ಕೊಂಡು ಕೆಲಸ ತಪ್ಪಿಸ್ಕೋತಾ ಇದೀಯಾ ಸೋಮಾರಿ?" ಇನ್ನೊಬ್ಬ, "ಸ್ವರ್ಗದಲ್ಲಿ ತೆಂಗಿನಮರ ಇಲ್ವಂತೆ ಕಣೋ, ವಾಪಸ್ ಬಂದ್ಬಿಡ್ತೀಯ" ಎಂದ. ಜನ ನಕ್ಕರು. ಶೊಮಾರಿ ಕಣ್ಣು ಮುಚ್ಚಿಕೊಂಡೇ ಇದ್ದ.

ವಾಂಡೆ ಅವನ ತಲೆಯ ಹತ್ತಿರ ಕೂತಿದ್ದಳು. ಬಹಳ ಹೊತ್ತಾದ ಮೇಲೆ ಅವನು ಕಣ್ಣು ತೆರೆದು ಅವಳನ್ನು ಹುಡುಕಿದ.

"ವಾಂಡೆ, ನಾನು ಹೊರಟೆ."

ಇದಕ್ಕೆ ಏನು ಉತ್ತರ ಬರಬೇಕೆಂದು ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಸುಳ್ಳುಬುರುಕ, ಯಾರಿಗೆ ಹೇಳ್ತೀಯ, ಎದ್ದು ಕಾಫಿ ಕಾಸು ಎನ್ನಬೇಕು. ಜನ ಆಗಲೇ ತುಟಿಯಲ್ಲಿ ನಗು ಹಿಡಿದುಕೊಂಡು ಅವಳ ಕಡೆ ತಿರುಗಿದ್ದರು.

ವಾಂಡೆ ಅವನ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು. "ನಂಬ್ತೀನಿ ಶೊಮಾರಿ" ಎಂದಳು.

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಒಣಗಿದ ತುಟಿ ಸವರಿಕೊಂಡು ಕೇಳಿದ:

"ಈಗ ನಂಬ್ತೀಯಾ?"

ಮರುದಿನ ಮಧ್ಯಾಹ್ನ ಮಗ ಬಂದು ಮುಟ್ಟುವ ಹೊತ್ತಿಗೆ ಅವನಿರಲಿಲ್ಲ. ಆ ಮಾತಿನ ನಂತರ ಬೇರೆ ಮಾತಾಡಲೂ ಇಲ್ಲ. ಅದು ಒಂಬತ್ತು ವರ್ಷದ ಮೇಲೆ ಅವನ ಬಾಯಿಂದ ಬಂದ ತಮಾಷೆಯೋ, ಇಲ್ಲ ನಿಜವಾಗಿ ಕೇಳಿದ್ದೋ ನನಗೆ ಗೊತ್ತಾಗಲಿಲ್ಲ. ವಾಂಡೆ ಇವತ್ತಿಗೂ ನನ್ನನ್ನು ಕೇಳುತ್ತಾಳೆ, ನಗುತ್ತಿದ್ದನಾ ಕಬುಲಾ, ನೀನು ಎದುರಿಗೆ ಕೂತಿದ್ದೆಯಲ್ಲ, ಸರಿಯಾಗಿ ನೆನಪು ಮಾಡಿಕೊಂಡು ಹೇಳು ಎಂದು. ನಾನು ಅವತ್ತು ಅವನ ಮುಖ ನೋಡಿರಲಿಲ್ಲ, ಅವಳ ಮುಖ ನೋಡುತ್ತಿದ್ದೆ.